ಚಪ್ಪಾಳೆಯಿಂದ ಮಂಜೂರಾದ ನೀರು

ನಮ್ಮೂರಿನವರು ಚಪ್ಪಾಳೆ ಹೊಡೆಯುವುದರಲ್ಲಿ ಬಲು ಉದಾರಿಗಳು. ಗ್ರಾಮಸಭೆಯಲ್ಲಿ ಯಾರೇ ಎದ್ದು ನಿಂತು ಏನೇ ಹೇಳಿ ಕೂತರೂ ಚಪ್ಪಾಳೆ ಬೀಳುತ್ತದೆ. ಕೃಷಿ ಇಲಾಖೆಯವರು ಬಂದು ಈ ಸಲ ಕಡಲೆ ಬೀಜ ತಡವಾಗಿ ಬರುತ್ತದೆ ಎಂದರೂ ಚಪ್ಪಾಳೆ, ಬರುವುದೇ ಇಲ್ಲ ಎಂದರೂ ಚಪ್ಪಾಳೆ. ಇದು ಬರೀ ಹುಚ್ಚಾಟವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಪಂಚಾಯಿತಿಯಲ್ಲಿ ಠರಾವು ಪಾಸಾಗುವುದೇ ಹೀಗೆ. ಕೈ ಎತ್ತಿಸಿ ಎಣಿಸುವುದು ತೊಡಕಿನ ಕೆಲಸ. ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂದು ಆಮೇಲೆ ಓಣಿಯಲ್ಲಿ ಮನಸ್ತಾಪ. ಚಪ್ಪಾಳೆಯಲ್ಲಿ ಯಾರ ಕೈ ಯಾವುದೆಂದು ಗೊತ್ತಾಗುವುದಿಲ್ಲ. ಹಾಗಾಗಿ ಒಬ್ಬರು ವಿಷಯ ಓದುತ್ತಾರೆ, ಸಭೆ ಚಪ್ಪಾಳೆ ಹೊಡೆಯುತ್ತದೆ, ನಡಾವಳಿ ಪುಸ್ತಕದಲ್ಲಿ 'ಸಭೆಯು ಸರ್ವಾನುಮತದಿಂದ ಒಪ್ಪಿತು' ಎಂದು ಬರೆಯುತ್ತಾರೆ. ಬರೆಯುತ್ತಾರೆ ಎಂದೆ, ನಿಜ ಹೇಳಬೇಕೆಂದರೆ ಹಿಂದಿನ ದಿನವೇ ಬರೆದಿಟ್ಟಿರುತ್ತಾರೆ.

ಇನ್ನೂ ಒಂದು ಪದ್ಧತಿ ಇದೆ. ಸಭೆಗೆ ಇಷ್ಟು ಜನ ಬಂದಿರಲೇಬೇಕು, ಬಂದವರ ಸಹಿ ಹಾಜರಿ ಪುಸ್ತಕದಲ್ಲಿ ಇರಬೇಕು ಎಂಬುದು ಕಾಯದೆ. ಜನ ಬರುತ್ತಾರೋ ಇಲ್ಲವೋ ಎಂದು ಕಾಯುತ್ತ ಕೂರುವುದು ಯಾಕೆಂದು ನಮ್ಮಲ್ಲಿ ಆ ಪುಸ್ತಕವೇ ಹಿಂದಿನ ದಿನ ಮನೆಮನೆಗೆ ಬರುತ್ತದೆ. ಪಂಚಾಯಿತಿಯ ಸಿಪಾಯಿ ಅದನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲಿ ನಿಂತು, "ಯವ್ವಾ, ಇಲ್ಲೊಂದ್ ಸಹಿ ಮಾಡ್ರಿ, ನಾಳೆ ಮೀಟಿಂಗ್ ಐತಿ" ಎನ್ನುತ್ತಾನೆ. ರೊಟ್ಟಿ ಬಡಿಯುತ್ತಿದ್ದವರು ಎದ್ದು ಬಂದು ಸಹಿ ಮಾಡುತ್ತಾರೆ. ಕೆಲವು ಹಾಳೆಗಳ ಮೇಲೆ ಜೋಳದ ಹಿಟ್ಟಿನ ಬೆರಳು ಮೂಡಿದ್ದನ್ನು ನಾನೇ ನೋಡಿದ್ದೇನೆ. ಇನ್ನೂ ನಡೆಯದ ಸಭೆಗೆ ಹಾಜರಾಗಿ, ಇನ್ನೂ ಕೇಳದ ಮಾತಿಗೆ ಒಪ್ಪಿಗೆ ಕೊಟ್ಟು, ಅವರು ಮತ್ತೆ ಒಲೆಯ ಮುಂದೆ ಹೋಗಿ ಕೂರುತ್ತಾರೆ. ಆಡಳಿತ ಮನೆ ಬಾಗಿಲಿಗೆ ಬಂದಿದೆ ಎಂದು ಭಾಷಣ ಮಾಡುವವರು ಈ ಒಂದು ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ನಾನು ನವಲಗುಂದ ತಾಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಕಡೆಯ ಇಪ್ಪತ್ತನಾಲ್ಕು ವರ್ಷ ನಾನು ಸೊಸೆಯಾಗಿ ಬಂದ ಈ ಊರಿನ ಶಾಲೆಯಲ್ಲೇ ಇದ್ದೆ. ಊರಿನ ಅರ್ಧ ಜನ ನನ್ನ ಕೈಯಲ್ಲಿ ಅಕ್ಷರ ಕಲಿತವರು, ಹಾಗಾಗಿ ಎಲ್ಲರಿಗೂ ನಾನು ಅಕ್ಕೋರು. ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ಪಕ್ಕದವರ ಪಾಟಿ ನೋಡಿ ಬರೆದ ಮಕ್ಕಳ ಕೈಯ ಮೇಲೆ ಪಟ್ಟಿಯಿಂದ ಹೊಡೆದಿದ್ದೇನೆ. ಅವರೆಲ್ಲ ಈಗ ದೊಡ್ಡವರಾಗಿ, ದಾರಿಯಲ್ಲಿ ಸಿಕ್ಕರೆ ನಗುತ್ತ ಆ ಹೊಡೆತ ನೆನೆಸಿಕೊಳ್ಳುತ್ತಾರೆ. ನನಗೂ ಒಂಥರಾ ಹೆಮ್ಮೆಯೇ ಇತ್ತು.

ನಿವೃತ್ತಿಯಾದ ಮರುವರ್ಷ ಪಂಚಾಯಿತಿಯ ಪಿಡಿಓ ಮನೆಗೆ ಬಂದರು. ಮನೆಮನೆಗೆ ನಳ ಕೂಡಿಸುವ ಕೆಲಸ ಊರಲ್ಲಿ ಆಗಷ್ಟೇ ಮುಗಿದಿತ್ತು. ಕೆರೆಯ ನೀರು ಮೇಲಿನ ಟಾಕಿಗೆ ಏರಿ, ಅಲ್ಲಿಂದ ಪೈಪಿನಲ್ಲಿ ಪ್ರತಿ ಮನೆಗೆ ಬರುತ್ತಿತ್ತು. ಆ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಊರಿನ ಐದು ಜನ ಹೆಂಗಸರೇ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಬರೆಯಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ನಾಲ್ವರು ಸಿಕ್ಕಿದ್ದರು, ಐದನೆಯವರು ಬೇಕಾಗಿತ್ತು.

"ಅಕ್ಕೋರ, ನೀವು ಊರಿಗೇ ಅಕ್ಷರ ಕಲಿಸಿದವರು. ನಿಮ್ಮ ಸಹಿ ಇದ್ರ ಮ್ಯಾಲಿನವರು ಏನೂ ಕೇಳಂಗಿಲ್ಲರಿ," ಎಂದರು ಪಿಡಿಓ.

ಆ ಮಾತಿನ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು. ಹೊಗಳಿಕೆ ಕಿವಿಗೆ ಬಿದ್ದರೆ ಬುದ್ಧಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಲ್ಲುತ್ತದೆ. ಆಗಲಿ ಎಂದೆ.

ಒಂದು ದಿನದ ತರಬೇತಿ ಆಯಿತು. ಧಾರವಾಡದಿಂದ ಬಂದಾತ ಬಿಳಿ ಹಲಗೆಯ ಮೇಲೆ 'ಉತ್ತರದಾಯಿತ್ವ' ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಎಲ್ಲರಿಂದ ಮೂರು ಸಲ ಹೇಳಿಸಿದ. ಹೇಳಿಸಿದ್ದು ಬಿಟ್ಟರೆ ಅದರ ಬಗ್ಗೆ ಮತ್ತೇನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಗೋಧಿ ಹುಗ್ಗಿ ಇತ್ತು. ಸಂಜೆ ತಲೆಗೊಂದು ಕೈಚೀಲ ಕೊಟ್ಟು ಫೋಟೋ ತೆಗೆದು ಕಳಿಸಿದರು. ಆ ಚೀಲದಲ್ಲಿ ಈಗ ನಾನು ಬೆಳ್ಳುಳ್ಳಿ ಇಡುತ್ತೇನೆ.

ಪರೀಕ್ಷೆ ಮಾತ್ರ ಬಹಳ ಸುಲಭದ್ದು. ಬೆರಳಿನಷ್ಟುದ್ದದ ಗಾಜಿನ ಬಾಟಲಿ, ತಳದಲ್ಲಿ ಸ್ವಲ್ಪ ಔಷಧದ ಪುಡಿ. ನಳದ ನೀರನ್ನು ಗೆರೆಯ ತನಕ ತುಂಬಿ ಮುಚ್ಚಳ ಹಾಕಿ ಎರಡು ದಿನ ಮನೆಯೊಳಗೆ ಇಡಬೇಕು. ಬಣ್ಣ ಹಾಗೆಯೇ ಇದ್ದರೆ ಚಿಂತೆಯಿಲ್ಲ. ಕರ್ರಗಾದರೆ ಆ ನೀರಿಗೆ ಹೊಲಸು ಸೇರಿದೆ ಎಂದು ಅರ್ಥ. ಯಾವ ಮನೆಯ ನಳ, ಯಾವ ತಾರೀಖು, ಯೋಗ್ಯವೋ ಅಲ್ಲವೋ ಎಂದು ಪುಸ್ತಕದಲ್ಲಿ ಬರೆದು ಸಹಿ ಮಾಡಿದರೆ ಪಂಚಾಯಿತಿಯ ಕಂಪ್ಯೂಟರಿನವನು ಅದನ್ನು ಮೇಲಕ್ಕೆ ಕಳಿಸುತ್ತಾನೆ. ನನ್ನ ಪಾಲಿಗೆ ಶಾಲೆ, ಅಂಗನವಾಡಿ, ಮತ್ತು ಕಡೇ ಓಣಿಯ ಮನೆಗಳು ಬಂದವು.

ಕಡೇ ಓಣಿ ಎಂದರೆ ಊರು ಮುಗಿದು ಕಾಲುವೆಯ ದಿಬ್ಬ ಸಿಗುವ ಜಾಗ. ಮನೆಗಳ ಗೋಡೆಯ ಮೇಲೆ ಬುದ್ಧನ ಚಿತ್ರ, ಅಂಗಳ ನಮ್ಮ ಓಣಿಗಿಂತ ಸ್ವಚ್ಛ. ಅಲ್ಲಿ ತನಕ ಪೈಪು ಹಾಕುವಾಗ ಗುತ್ತಿಗೆದಾರ ಒಂದು ಜಾಣತನ ಮಾಡಿದ್ದ. ಹೊಸದಾಗಿ ಅಗೆಯುವ ಕಷ್ಟ ಯಾಕೆಂದು, ಊರಿನ ಹೊಲಸೆಲ್ಲ ಹರಿದುಹೋಗುವ ಗಟಾರದೊಳಗೇ ಪೈಪು ಮಲಗಿಸಿದ್ದ. ಇದು ಗುಟ್ಟಾಗಿ ನಡೆದದ್ದಲ್ಲ. ಹಗಲಲ್ಲಿ, ಎಲ್ಲರ ಕಣ್ಣೆದುರಿಗೆ ನಡೆದದ್ದು. ನೋಡಲು ನಿಂತವರಲ್ಲಿ ಇಬ್ಬರು ಪಂಚಾಯಿತಿ ಸದಸ್ಯರಿದ್ದರು, ನಾನೂ ಇದ್ದೆ. ಮೊದಲ ದಿನ ನಳದಲ್ಲಿ ನೀರು ಬಂದಾಗ ನಮ್ಮ ಜನ ಏನು ಮಾಡಿದರೆಂದು ಬೇರೆ ಹೇಳಬೇಕಾಗಿಲ್ಲ.

ಈಗ ನನ್ನ ಕಥೆ ಹೇಳುತ್ತೇನೆ. ಮೊದಲ ತಿಂಗಳು ಶಾಲೆ ಮತ್ತು ಅಂಗನವಾಡಿಯ ನೀರು ಪರೀಕ್ಷೆ ಮಾಡಿದೆ, ಚೆನ್ನಾಗಿತ್ತು. ಕಡೇ ಓಣಿಗೆ ನಾಳೆ ಹೋದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮದು ಎರಿ ಮಣ್ಣಿನ ನೆಲ, ಹಸಿಯಾದರೆ ಚಪ್ಪಲಿಯನ್ನು ಕಾಲಿನಿಂದ ಕಿತ್ತುಕೊಳ್ಳುತ್ತದೆ. ತಿಂಗಳ ಕಡೆಗೆ ಪಿಡಿಓ ಪುಸ್ತಕ ಕೇಳಿದರು. ಶಾಲೆಯ ನೀರು ಚೆನ್ನಾಗಿದೆ, ಅದೇ ಟಾಕಿಯ ನೀರು ತಾನೆ ಅಲ್ಲಿಗೂ ಹೋಗುವುದು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಕಡೇ ಓಣಿಯ ಎಲ್ಲ ಮನೆಗಳ ಮುಂದೆ 'ಯೋಗ್ಯ' ಎಂದು ಬರೆದೆ. ಮರುತಿಂಗಳು ಮಳೆ ಇರಲಿಲ್ಲ, ಆದರೆ ರೂಢಿಯಾಗಿತ್ತು. ಆಮೇಲೆ ಪಿಡಿಓ ತಿಂಗಳಿಗೊಮ್ಮೆ ಪುಸ್ತಕ ಕೇಳುವುದನ್ನೂ ಬಿಟ್ಟರು; ವರ್ಷದ ಕೊನೆಯ ಆರು ತಿಂಗಳಿನದನ್ನು ಒಂದೇ ಮಧ್ಯಾಹ್ನ ಕೂತು ಬರೆದೆ. ಬೇರೆ ಬೇರೆ ದಿನ ಬರೆದಂತೆ ಕಾಣಲಿ ಎಂದು ಮೂರು ಪೆನ್ನು ಬದಲಿಸಿದೆ. ಪಾಟಿ ನೋಡಿ ಬರೆದ ಮಕ್ಕಳಿಗೆ ಹೊಡೆದ ಕೈ ಅದೇ. ಅವರಿಗಾದರೂ ಹೆದರಿಕೆ ಇತ್ತು, ನನಗೆ ಅದೂ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಕಡೇ ಓಣಿಯ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ತನಕ ಓದಿ, ಈಗ ಮನೆಯಲ್ಲೇ ಜಂಪರ್ ಹೊಲಿಯುತ್ತಾಳೆ. ನನ್ನ ಜಂಪರುಗಳನ್ನೂ ಅವಳೇ ಹೊಲಿಯುವುದು. ಅವಳ ಮಗಳು ನಾಲ್ಕನೆಯ ತರಗತಿಯಲ್ಲಿದ್ದವಳು ಮೈಕಣ್ಣು ಹಳದಿಗಟ್ಟುವ ಕಾಮಣಿಯಾಗಿ ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿ ಬಂದಿದ್ದಾಳೆ ಎಂದು ಕೇಳಿದ್ದೆ. ನೋಡಲು ಹೋಗಬೇಕು ಎಂದುಕೊಂಡಿದ್ದೆ, ಹೋಗಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂರದೆ ನಿಂತೇ ತನ್ನ ಫೋನನ್ನು ನನ್ನ ಕಡೆ ತಿರುಗಿಸಿದಳು.

"ಅಕ್ಕೋರ, ಇದು ನಿಮ್ಮ ಹೆಸರು ಹೌದಲ್ರಿ?"

ನೀರಿನ ಪರೀಕ್ಷೆಯ ವಿವರಗಳೆಲ್ಲ ಯಾರು ಬೇಕಾದರೂ ನೋಡುವಂತೆ ಫೋನಿನಲ್ಲಿ ಸಿಗುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಯಾರು ನೋಡುತ್ತಾರೆ ಎಂದು ನಾವೆಲ್ಲ ಒಳಗೊಳಗೇ ನಕ್ಕಿದ್ದೆವು. ಅಲ್ಲಿ ಅವಳ ಗಂಡನ ಹೆಸರಿನ ನಳ, ತಿಂಗಳಿಗೊಂದು ತಾರೀಖು, ಪ್ರತಿ ತಾರೀಖಿನ ಮುಂದೆ 'ಯೋಗ್ಯ', ಪರೀಕ್ಷೆ ಮಾಡಿದವರು ನಾನು.

"ಹೌದು," ಎಂದೆ.

"ಇಷ್ಟ್ ಸಲ ನಮ್ಮನಿಗೆ ಬಂದೀರಿ ಅಂತ ಬರದೈತಿ. ನಾ ದಿನಾ ಮನ್ಯಾಗ ಮಷೀನ್ ಮುಂದ ಕುಂತಿರ್ತೀನ್ರಿ. ಯಾವಾಗ ಬಂದಿದ್ರಿ?"

ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವಳು ನಾನು. ಉತ್ತರ ಗೊತ್ತಿದ್ದೂ ಹೇಳಲಾಗದೆ ನಿಲ್ಲುವುದು ಹೇಗಿರುತ್ತದೆಂದು ಆ ದಿನ ಗೊತ್ತಾಯಿತು.

"ದವಾಖಾನ್ಯಾಗ ಡಾಕ್ಟರು ನೀರಿಂದ ಬಂದೈತಿ ಅಂದ್ರು. ನಾ ಅವರ ಕೂಡ ಜಗಳಾ ತೆಗೆದ್ನಿರಿ. ನಮ್ಮ ನೀರು ಅಕ್ಕೋರು ನೋಡ್ತಾರ, ಅವರು ಖೊಟ್ಟಿ ಬರಿಯಂಗಿಲ್ಲ ಅಂದೆ," ಎಂದಳು. ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವಳು ಹೋದ ಅರ್ಧ ತಾಸಿಗೆ ನಾನು ಪರೀಕ್ಷೆಯ ಬಾಟಲಿಗಳ ಪೆಟ್ಟಿಗೆ ಹಿಡಿದು ಕಡೇ ಓಣಿಗೆ ನಡೆದೆ. ಒಂದು ವರ್ಷದಲ್ಲಿ ಮೊದಲ ಸಲ. ನನ್ನ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಾಲ್ಕು ಮನೆಗಳ ನೀರು ತುಂಬಿ ತಂದು ಅಡುಗೆಮನೆಯಲ್ಲಿಟ್ಟೆ. ಎರಡು ದಿನ ಕಾಯಬೇಕಾಗಲಿಲ್ಲ. ಮರುದಿನ ಸಂಜೆಗೇ ಮೂರು ಬಾಟಲಿ ಕಾಡಿಗೆಯಂತೆ ಕರ್ರಗಾಗಿದ್ದವು.

ಅವುಗಳನ್ನು ಹಿಡಿದು ಪಿಡಿಓ ಹತ್ತಿರ ಹೋದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಔಷಧ ಹಳೇದಾಗಿರಬೇಕ್ರಿ ಅಕ್ಕೋರ."

ಬಾಟಲಿಯ ಮೇಲಿನ ತಾರೀಖು ತೋರಿಸಿದೆ. ಇನ್ನೂ ಅವಧಿ ಇತ್ತು.

"ಹಂಗಾರ ತುಂಬೂ ಮುಂದ ನೀವು ಕೈ ತೊಳಕೊಂಡಿಲ್ಲೇನೋ."

"ನಾಲ್ಕೂ ಒಂದ ಕೈಲೆ ತುಂಬೀನಿ. ಒಂದ್ಯಾಕ ಚಲೋ ಉಳೀತು?"

ಪಿಡಿಓ ಬಾಟಲಿ ಕೆಳಗಿಟ್ಟರು. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಬಹಳ ಮರ್ಯಾದೆಯಿಂದ ಹೇಳಿದರು: "ನೋಡ್ರಿ, ಈಗ ಕೆಟ್ಟೈತಿ ಅಂತ ಬರದ್ರ ವರ್ಷಾನಗಟ್ಲೆ ಚಲೋ ಹೆಂಗಿತ್ತು ಅಂತ ಕೇಳ್ತಾರ. ಕೇಳಿದ್ರ ಯಾರನ್ನ ಕೇಳ್ತಾರ? ಸಹಿ ಯಾರದೈತಿ?"

ನನ್ನ ಸಹಿ ಯಾಕೆ ಬೇಕಾಗಿತ್ತೆಂಬುದು ಆಗ ಪೂರ್ತಿ ತಿಳಿಯಿತು. ಎಲ್ಲರೂ ತಮ್ಮ ತಮ್ಮ ಕುತ್ತಿಗೆಯ ಉರುಲು ಬಿಚ್ಚಿ ನನ್ನ ಕೊರಳಿಗೆ ಹಾಕಿದ್ದರು, ಪೆದ್ದಿಯಾದ ನಾನು ಅದನ್ನು ಹಾರ ಎಂದುಕೊಂಡಿದ್ದೆ.

ಇದಕ್ಕಿಂತ ಅವಸರದ್ದು ಇನ್ನೊಂದಿತ್ತು. ಆ ಗುರುವಾರವೇ ಗ್ರಾಮಸಭೆ. ಊರಿನ ಎಲ್ಲ ಮನೆಗಳಿಗೂ ನಳದಿಂದ ಶುದ್ಧ ನೀರು ತಲುಪಿದೆ ಎಂದು ಸಭೆ ಠರಾವು ಮಾಡಿಬಿಟ್ಟರೆ ಊರಿಗೆ ಪ್ರಮಾಣಪತ್ರ ಸಿಗುತ್ತದೆ, ಗುತ್ತಿಗೆದಾರ ಕೆಲಸವನ್ನು ಪಂಚಾಯಿತಿಗೆ ಹಸ್ತಾಂತರ ಮಾಡಿ ಕೈ ತೊಳೆದುಕೊಂಡು ಹೋಗುತ್ತಾನೆ. ಆಮೇಲೆ ಗಟಾರದಲ್ಲಿನ ಪೈಪು ಯಾರ ಜವಾಬ್ದಾರಿಯೂ ಅಲ್ಲ. ಕಾಮಣಿಯಾದ ಆ ಹುಡುಗಿ ಅದೇ ನೀರು ಕುಡಿಯಬೇಕು, ಅವಳ ನೆರೆಯ ಮಕ್ಕಳೂ ಕುಡಿಯಬೇಕು.

ಪಂಚಾಯಿತಿ ಅಧ್ಯಕ್ಷೆಯ ಅಂಗಡಿಗೆ ಹೋದೆ. ಆಕೆ ಕಿರಾಣಿ ಅಂಗಡಿ ನಡೆಸುವ ಚುರುಕು ಹೆಂಗಸು, ಗಂಡನ ಮಾತಿಗೆ ಕುಣಿಯುವವಳಲ್ಲ, ಕಾಗದ ಓದದೆ ಸಹಿ ಹಾಕುವವಳೂ ಅಲ್ಲ. ಆಕೆಯ ಮೇಲೆ ನನಗೆ ಭರವಸೆ ಇತ್ತು. ನನ್ನ ಮಾತೆಲ್ಲ ಕೇಳಿಸಿಕೊಂಡು ಅವಲಕ್ಕಿ ತೂಗುತ್ತಲೇ ಹೇಳಿದಳು: "ಖರೆ ಐತ್ರಿ ಅಕ್ಕೋರ. ಮೊದಲ ಠರಾವು ಆಗಿ ಹೋಗ್ಲಿ, ಆಮ್ಯಾಲ ನಮ್ಮ ಪಂಚಾಯ್ತಿಲಿಂದನ ಆ ಪೈಪ್ ತಗಸೂಣು."

"ಠರಾವಿಗಿಂತ ಮೊದಲ ಯಾಕ ಆಗಂಗಿಲ್ಲ?"

"ನಮ್ಮೂರ ಹೆಸರು ಪ್ರಶಸ್ತಿಗೆ ಹೋಗೇತ್ರಿ. ಇಷ್ಟ್ ಹತ್ರ ಬಂದಾಗ ನೀವು ಅಡ್ಡಗಾಲು ಹಾಕಬ್ಯಾಡ್ರಿ."

'ಆಮ್ಯಾಲ' ಎಂಬುದು ನಮ್ಮ ಪಂಚಾಯಿತಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಶಬ್ದ. ಶಾಲೆಯ ಕಂಪೌಂಡು ಆಮ್ಯಾಲ, ಬಸ್ ನಿಲ್ದಾಣದ ಚಾವಣಿ ಆಮ್ಯಾಲ. ದಡ್ಡರು ಹೇಳಿದ್ದರೆ ಸಿಟ್ಟು ಬರುತ್ತಿರಲಿಲ್ಲ. ಇಷ್ಟು ತಿಳಿದವಳು ಹೇಳಿದಳಲ್ಲ ಎಂದು ಹೊಟ್ಟೆ ಉರಿಯಿತು. ಬುಧವಾರ ಸಿಪಾಯಿ ಹಾಜರಿ ಪುಸ್ತಕ ತಂದಾಗ ನಾನು ಆ ಉರಿಯಲ್ಲೇ ಸಹಿ ಮಾಡಿದೆ. ಯಾಕೆ ಮಾಡಿದೆ ಎಂದು ಕೇಳಿದರೆ ಕಾರಣವಿಲ್ಲ. ಪುಸ್ತಕ ಬಂತು, ಪೆನ್ನು ಕೈಯಲ್ಲಿತ್ತು, ಮಾಡಿದೆ.

ಗುರುವಾರ ಸಮುದಾಯ ಭವನದಲ್ಲಿ ಸಭೆ ಸೇರಿತು. ಎಲ್ಲ ಸರಿಯಾಗಿ ನಡೆಯಿತೆಂದು ನೋಡಲು ಬೇರೆ ಇಲಾಖೆಯ ಒಬ್ಬ ಅಧಿಕಾರಿಯನ್ನು ಕಳಿಸುವುದು ಕ್ರಮ. ನಮ್ಮ ಪಾಲಿಗೆ ಬಂದವರು ದನದ ಡಾಕ್ಟರು. ಒಬ್ಬರ ಎಮ್ಮೆಗೆ ಕೆಚ್ಚಲು ಬಾವು ಬಂದಿದೆಯೆಂದು ಸಭೆ ಶುರುವಾಗುವ ಮೊದಲೇ ಅವರನ್ನು ಎಳೆದುಕೊಂಡು ಹೋಗಿದ್ದರು, ತಡವಾಗಿ ಬಂದು ಕೂತರು. ಅವರ ಮುಂದೆ ನಡಾವಳಿ ಪುಸ್ತಕ, ಹಾಜರಿ ಪುಸ್ತಕ, ಒಂದು ತಟ್ಟೆ ಮಂಡಕ್ಕಿ ಮಿರ್ಚಿ. ಭವನದಲ್ಲಿ ಕೂತವರಿಗಿಂತ ಪುಸ್ತಕದಲ್ಲಿ ಹಾಜರಿದ್ದವರು ಹೆಚ್ಚು.

ಕಡೇ ಓಣಿಯ ಹೆಂಗಸರು ಮಾತ್ರ ಎಲ್ಲರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಜಂಪರ್ ಹೊಲಿಯುವವಳು ಮಗಳನ್ನೂ ಕರೆತಂದಿದ್ದಳು. ಹುಡುಗಿಯ ಕಣ್ಣಲ್ಲಿ ಇನ್ನೂ ಅರಿಶಿನದ ಬಣ್ಣ ಉಳಿದಿತ್ತು, ತಾಯಿಯ ಭುಜಕ್ಕೆ ತಲೆಯಿಟ್ಟು ಕೂತಿದ್ದಳು.

ಪಿಡಿಓ ನೀರಿನ ಠರಾವು ಓದಿದರು. ಚಪ್ಪಾಳೆಗೆ ಕೈಗಳು ಏಳುವ ಮೊದಲೇ ನಾನು ಎದ್ದೆ. ಮುಂದಿನ ಕುರ್ಚಿ ಹಿಡಿದುಕೊಂಡೆ.

"ಈ ಊರಿನ ನೀರಿನ ಪುಸ್ತಕದಾಗ ನಾ ಬರದದ್ದು ಸುಳ್ಳು," ಎಂದೆ. "ಒಂದು ವರ್ಷ ಕಡೇ ಓಣಿಯ ಒಂದು ನಳಾನೂ ನೋಡಲಾರದ ಎಲ್ಲಾ ಯೋಗ್ಯ ಅಂತ ಬರದೀನಿ. ಮೊನ್ನೆ ನೋಡಿದೆ. ನಾಲ್ಕರಾಗ ಮೂರು ಬಾಟ್ಲಿ ಕರ್ರಗಾಗ್ಯಾವು. ಆ ಪೈಪು ಗಟಾರದಾಗ ಐತಿ. ಆ ನೀರು ಕುಡಿಯೂವಂಥದ್ದಲ್ಲ."

ಕೂತೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಮಾತಾಡಿದ್ದು ಬೇರೆ ಇಲ್ಲ.

ಸಭೆ ಚಪ್ಪಾಳೆ ಹೊಡೆಯಿತು.

ವ್ಯಂಗ್ಯಕ್ಕಲ್ಲ, ಮೆಚ್ಚಿಯೂ ಅಲ್ಲ. ಒಬ್ಬರು ಎದ್ದರು, ಮಾತಾಡಿದರು, ಕೂತರು; ಆದ್ದರಿಂದ ಹೊಡೆದರು. ಮುಂದಿನ ಸಾಲಿನ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಚಲೋ ಮಾತಾಡಿದ್ರಿ ಅಕ್ಕೋರ" ಎಂದು ತಲೆಯನ್ನೂ ಆಡಿಸಿದರು. ಪಿಡಿಓ ಮುಗುಳ್ನಗುತ್ತ ಮುಂದಿನ ವಿಷಯದ ಹಾಳೆ ತಿರುವಿದರು. ನಾನು ಒಪ್ಪಿಕೊಂಡ ತಪ್ಪು ಸರ್ವಾನುಮತದಿಂದ ಪಾಸಾಗಿ ಹೋಗಿತ್ತು. ಈ ಜನರ ನಡುವೆ ಇಷ್ಟು ವರ್ಷ ಪಾಠ ಹೇಳಿದೆನಲ್ಲ, ಕಲಿಸಿದ್ದಾದರೂ ಏನು ಎಂದು ನನಗೆ ಅಳುವೇ ಬಂತು.

ಆಗ ಹಿಂದಿನ ಸಾಲಿನಿಂದ ಜಂಪರ್ ಹೊಲಿಯುವವಳು ಎದ್ದಳು.

"ಡಾಕ್ಟರ್ ಸಾಹೇಬ್ರ, ಅಕ್ಕೋರು ಈಗ ಏನ್ ಹೇಳಿದ್ರೋ ಅದನ್ನ ಬರಕೊಂಡಿರೇನ್ರಿ?"

"ಎಲ್ಲಾ ಬರಕೊಂಡೇವವಾ, ಕುಂದ್ರು ನೀ," ಎಂದರು ಪಿಡಿಓ.

"ಹಂಗಾರ ಒಂದ್ ಸಲ ಓದ್ರಿ. ಕೇಳಿ ಕುಂದರ್ತೀನಿ."

ನಡಾವಳಿಯನ್ನು ಓದಿ ಹೇಳಿ ಎಂದು ನಮ್ಮೂರಲ್ಲಿ ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಕೇಳಬಹುದು ಎಂಬುದೇ ಗೊತ್ತಿರಲಿಲ್ಲ. ದನದ ಡಾಕ್ಟರಿಗೆ ನಮ್ಮ ಪದ್ಧತಿಗಳ ಪರಿಚಯ ಇರಲಿಲ್ಲವೆಂದು ಕಾಣುತ್ತದೆ. ಅದರಲ್ಲೇನು ಎಂಬಂತೆ ಪುಸ್ತಕ ತೆಗೆದುಕೊಂಡು, ಪಿಡಿಓ ಕೈ ಅಡ್ಡ ಬರುವ ಮೊದಲೇ ಗಟ್ಟಿಯಾಗಿ ಓದಲು ಶುರು ಮಾಡಿದರು.

"ನಿವೃತ್ತ ಶಿಕ್ಷಕಿಯವರು ಮಾತನಾಡಿ, ಗ್ರಾಮದ ಎಲ್ಲಾ ನಳಗಳ ನೀರನ್ನು ತಾವು ಪ್ರತಿ ತಿಂಗಳು ಪರೀಕ್ಷಿಸಿದ್ದು, ನೀರು ಕುಡಿಯಲು ಯೋಗ್ಯವಾಗಿರುತ್ತದೆ ಎಂದು ಸಂತೋಷ ವ್ಯಕ್ತಪಡಿಸಿದರು. ಸಭೆಯು ಚಪ್ಪಾಳೆಯ ಮೂಲಕ..."

ಅಲ್ಲಿಗೆ ನಿಲ್ಲಿಸಿದರು. ಹಾಳೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಮೊದಲು ಯಾರೋ ಕಿಸಕ್ಕೆಂದು ನಕ್ಕರು, ಆಮೇಲೆ ಎಲ್ಲರ ಕಣ್ಣು ಆ ಪುಸ್ತಕದ ಕಡೆ ತಿರುಗಿತು. ತಮ್ಮ ಕಿವಿಯಿಂದ ಕೇಳಿದ್ದು ಒಂದು, ಅದು ತಮ್ಮ ಹೆಸರಿನಲ್ಲಿ ಬರೆದಿರುವುದು ಇನ್ನೊಂದು ಎಂದು ನಮ್ಮ ಜನಕ್ಕೆ ಅಷ್ಟು ಹತ್ತಿರದಿಂದ ಯಾರೂ ತೋರಿಸಿರಲಿಲ್ಲ.

ಅವಳು ಮಗಳನ್ನು ಪಕ್ಕದವಳ ಮಡಿಲಿಗೆ ಒರಗಿಸಿ ನೇರವಾಗಿ ಮೇಜಿನ ಹತ್ತಿರ ಬಂದಳು. ಹಾಜರಿ ಪುಸ್ತಕ ತೆಗೆದು, ತನ್ನ ಹೆಸರು ಹುಡುಕಿ, ಪಿಡಿಓ ಅವರದೇ ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದಳು.

"ಏ, ಸರ್ಕಾರಿ ದಾಖಲಾತ್ಯಾಗ ಹಂಗ ಹೊಡದ್ ಹಾಕಬಾರದು!" ಪಿಡಿಓ ಎದ್ದು ನಿಂತರು.

"ನಿನ್ನೆ ನಮ್ಮನಿ ಕಟ್ಟಿ ಮ್ಯಾಲ ಮಾಡಿದ ಸಹಿ ಇದು. ಏನ್ ಓದ್ತಾರ ಅಂತ ಕೇಳಲಾರದ ಮಾಡಿದ್ದೆ. ಇವತ್ತ ಕೇಳೀನಿ. ನನ್ನ ಸಹಿ ನಾ ವಾಪಸ್ ತಗೋತೀನ್ರಿ."

ಹಿಂದಿನ ಸಾಲು ಒಬ್ಬೊಬ್ಬರಾಗಿ ಎದ್ದು ಬಂತು. ಹೆಬ್ಬೆಟ್ಟು ಒತ್ತಿದ ಒಬ್ಬ ಮುದುಕಿ, "ನಂದ್ಯಾವುದ ತೋರಸವ್ವ" ಎಂದು ಕೇಳಿ, ತೋರಿಸಿದ ಮೇಲೆ ತಾನೇ ಗೀಚಿದಳು. ಕಡೆಗೆ ನಾನೂ ಹೋಗಿ ನನ್ನ ಸಹಿ ಹೊಡೆದುಹಾಕಿದೆ. ಮುಂದಿನ ಸಾಲುಗಳಿಂದ ಒಬ್ಬರೂ ಏಳಲಿಲ್ಲ. ಚಪ್ಪಾಳೆಗೆ ಕಾಯುತ್ತಿದ್ದ ಕೈಗಳು ಮಡಿಲಲ್ಲಿ ಸುಮ್ಮನೆ ಕೂತಿದ್ದವು.

ದನದ ಡಾಕ್ಟರು ಉಳಿದ ಸಹಿಗಳನ್ನು ಎಣಿಸಿದರು. ಕಾಯದೆಗೆ ಬೇಕಾದಷ್ಟು ಇರಲಿಲ್ಲ. ನಡಾವಳಿಯ ಆ ಪುಟದ ಕೆಳಗೆ ತಮ್ಮ ಕೈಯಿಂದಲೇ 'ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ' ಎಂದು ಬರೆದು ಎದ್ದರು. ಆ ಪುಸ್ತಕದಲ್ಲಿ ನಡೆದದ್ದನ್ನು ನಡೆದಂತೆ ಬರೆದ ಸಾಲು ಅದೊಂದೇ ಇರಬೇಕು. ಎಮ್ಮೆ ನೋಡಲು ಬಂದ ಮನುಷ್ಯನಿಂದ ನಮಗೆ ಅಷ್ಟಾದರೂ ಆಯಿತು.

ಮರುದಿನದಿಂದ ಊರು ನನ್ನ ಮೇಲೆ ಮುನಿಸಿಕೊಂಡಿತು. ನೀರಿನ ಮೇಲಲ್ಲ, ಪೈಪಿನ ಮೇಲಲ್ಲ, ನನ್ನ ಮೇಲೆ. ಒಬ್ಬರು ಮನೆಗೇ ಬಂದು, "ಕುಂದಗೋಳ ಕಡೆಯಿಂದ ನಮ್ಮ ಹುಡುಗಗ ಹೆಣ್ಣು ನೋಡೀವಿ. ನಿಮ್ಮೂರ ನೀರು ಕೆಟ್ಟದ್ದಂತ ಅಂತ ಅವರು ಈಗ ಹಿಂದ ಮುಂದ ನೋಡಾಕತ್ಯಾರ. ಊರ ಮಾನ ತಗದ್ರಿ ಅಕ್ಕೋರ," ಎಂದರು. ಗಟಾರದಲ್ಲಿ ಪೈಪು ಹಾಕಿದಾಗ ಹೋಗದ ಮಾನ, ಅದನ್ನು ಬಾಯಿಬಿಟ್ಟು ಹೇಳಿದಾಗ ಹೋಯಿತು. ಈ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಅವರನ್ನು ಚಹ ಕೂಡ ಕೊಡದೆ ಕಳಿಸಿದೆ.

ಠರಾವು ಆಗದೆ ಗುತ್ತಿಗೆದಾರನಿಗೆ ಊರಿನಿಂದ ಬಿಡುಗಡೆ ಇರಲಿಲ್ಲ. ಹದಿನೈದು ದಿನದಲ್ಲಿ ಅವನ ಜನ ಬಂದು, ಗಟಾರ ಬಿಟ್ಟು ಓಣಿಯ ಬದಿಯಿಂದ ಹೊಸದಾಗಿ ಅಗೆದು ಪೈಪು ಹಾಕಿದರು. ವರ್ಷದಿಂದ ಆಮ್ಯಾಲ ಆಗಿದ್ದ ಕೆಲಸ ಮೂರು ದಿನದ್ದಾಗಿತ್ತು. ಯಾರೂ ಯಾರ ಹತ್ತಿರವೂ ತಪ್ಪಾಯಿತು ಎನ್ನಲಿಲ್ಲ. ಪಿಡಿಓಗೆ ಏನೂ ಆಗಲಿಲ್ಲ. ಮುಂದೂಡಿದ ಸಭೆಯಲ್ಲಿ ಅಧ್ಯಕ್ಷೆ ತಾನೇ ಮುಂದೆ ನಿಂತು ಪೈಪು ಬದಲಿಸಿದ್ದಾಗಿ ಹೇಳಿದಳು. ಸಭೆ ಏನು ಮಾಡಿತೆಂದು ಮತ್ತೆ ಬರೆಯಲಾರೆ.

ಈ ಇಡೀ ವ್ಯವಹಾರದಲ್ಲಿ ನೋಟಿಸು ಬಂದದ್ದು ಒಬ್ಬರಿಗೆ ಮಾತ್ರ, ಅದು ನನಗೆ. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಕಾರಣ ಕೇಳಿದ್ದರು. ಓದಿದ ಕೂಡಲೇ ಸಿಟ್ಟು ನೆತ್ತಿಗೇರಿತು: ಪೈಪು ಹಾಕಿದವನನ್ನು ಬಿಟ್ಟು, ನಡಾವಳಿ ಮೊದಲೇ ಬರೆದವರನ್ನು ಬಿಟ್ಟು ನನ್ನನ್ನು ಹಿಡಿದರಲ್ಲ ಎಂದು. ಎರಡನೆಯ ಸಲ ಓದಿದಾಗ ಅದರಲ್ಲಿ ಒಂದು ಸಾಲೂ ತಪ್ಪಿಲ್ಲ ಎನ್ನಿಸಿತು. ಬರೆದದ್ದು ನಿಜ, ಕಾರಣ ಏನೂ ಇಲ್ಲ ಎಂದು ಉತ್ತರ ಬರೆದು ಕಳಿಸಿದೆ. ಐವರ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಆ ಜಾಗಕ್ಕೆ ಯಾರೂ ಸಿಗದೆ, ಕಡೆಗೆ ಜಂಪರ್ ಹೊಲಿಯುವವಳೇ ತಾನು ಮಾಡುತ್ತೇನೆಂದಳು. ಪಿಡಿಓ ಮುಖ ಹುಳಿ ಮಾಡಿಕೊಂಡೇ ಪೆಟ್ಟಿಗೆ ಕೊಟ್ಟರಂತೆ.

ಅವಳು ತನ್ನ ಪಾಲಿನ ಮನೆಗಳಿಗಷ್ಟೇ ನಿಲ್ಲಲಿಲ್ಲ. ಕಡೇ ಓಣಿಯಿಂದ ಶುರು ಮಾಡಿ ಒಂದೊಂದೇ ಓಣಿ ಮುಗಿಸುತ್ತ ಬಂದಳು. ಅವಳ ಮನೆಯ ಬಾಟಲಿ ಈಗ ಕರ್ರಗಾಗುವುದಿಲ್ಲ. ಮಗಳು ಶಾಲೆಗೆ ಹೋಗುತ್ತಾಳೆ, ಆದರೆ ಆ ವರ್ಷ ತಪ್ಪಿಸಿಕೊಂಡದ್ದಕ್ಕೆ ಮತ್ತೆ ನಾಲ್ಕನೆಯ ತರಗತಿಯಲ್ಲೇ ಕೂತಿದ್ದಾಳೆ.

ಮೊನ್ನೆ ಅವಳು ನಮ್ಮ ಮನೆಗೆ ಬಂದಳು. ನಾನು ಪರೀಕ್ಷೆ ಮಾಡುತ್ತಿದ್ದ ವರ್ಷ ನನ್ನ ಮನೆಯ ನಳವನ್ನು ಯಾರೂ ನೋಡಿರಲಿಲ್ಲ, ನೋಡಬೇಕು ಎಂದು ನನಗೂ ಅನ್ನಿಸಿರಲಿಲ್ಲ. ಅವಳು ನಳ ಬಿಟ್ಟು ಸ್ವಲ್ಪ ನೀರು ಹರಿಯಗೊಟ್ಟು, ಕೈ ತೊಳೆದು, ಬಾಟಲಿಯನ್ನು ಗೆರೆಯ ತನಕ ತುಂಬಿ ಮುಚ್ಚಿದಳು. ತಾರೀಖು ಬರೆದಳು. ಬಿಸಿಲಲ್ಲಿ ನಾಲ್ಕು ಓಣಿ ಸುತ್ತಿ ಬಂದಿದ್ದಳು, ಮುಖ ಬಾಡಿತ್ತು. ನಾನು ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದೆ.

"ಬ್ಯಾಡ್ರಿ ಅಕ್ಕೋರ," ಎಂದಳು. "ಎರಡ್ ದಿನ ತಡೀರಿ. ಬಾಟ್ಲಿ ನೋಡಿ ಆಮ್ಯಾಲ ಕುಡೀತೀನಿ."

ದನಿಯಲ್ಲಿ ಕೊಂಕು ಇರಲಿಲ್ಲ. ಇದೇ ಮನೆಯ ಹಿತ್ತಲಲ್ಲಿ ಅವಳ ಅಜ್ಜಿಯ ಬೊಗಸೆಗೆ ನಮ್ಮತ್ತೆ ಮೇಲಿನಿಂದ ನೀರು ಹೊಯ್ಯುತ್ತಿದ್ದುದನ್ನು ನಾನು ಹೊಸ ಸೊಸೆಯಾಗಿ ನೋಡಿದ್ದೇನೆ. ಆಗ ಬೇಡ ಎನ್ನಲು ಆ ಅಜ್ಜಿಗೆ ಆಗುತ್ತಿರಲಿಲ್ಲ. ಮೊಮ್ಮಗಳು ಬೇಡವೆಂದು, ಬಾಟಲಿಯನ್ನು ನನ್ನ ಅಡುಗೆಮನೆಯ ಮಾಡದಲ್ಲಿಟ್ಟು, ಮುಂದಿನ ಮನೆಗೆ ಹೋದಳು.

ಅವಳು ಹೋದ ಮೇಲೆ ತಂಬಿಗೆಯ ನೀರನ್ನು ನಾನಾದರೂ ಕುಡಿಯೋಣವೆಂದು ಎತ್ತಿದೆ. ಆಗಲಿಲ್ಲ, ಹಿತ್ತಲಿಗೆ ಚೆಲ್ಲಿದೆ. ಎರಡು ದಿನ ಪಕ್ಕದ ಊರಿನಿಂದ ಕ್ಯಾನಿನಲ್ಲಿ ನೀರು ತರಿಸಿ ಕುಡಿದೆ, ತಾಸಿಗೊಮ್ಮೆ ಹೋಗಿ ಬಾಟಲಿಯ ಬಣ್ಣ ನೋಡಿದೆ. ಯೋಗ್ಯವೋ ಅಲ್ಲವೋ ಗೊತ್ತಿಲ್ಲದ ನೀರನ್ನು ಒಂದು ಗುಟುಕು ಗಂಟಲಿಗಿಳಿಸಲು ನನಗೆ ಧೈರ್ಯವಾಗಲಿಲ್ಲ. ಅವಳ ಮಗಳಿಗೆ ಮಾತ್ರ ಅಂಥದ್ದನ್ನು ಒಂದು ವರ್ಷ ಕುಡಿಸಿದ್ದೆ.